ಗೋಡೆಯ ಮೇಲೆ ಇಪ್ಪತ್ತೆಂಟು ಡಿಗ್ರಿ

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಬಡಗಿಯೊಬ್ಬ ಠಾಣೆಗೆ ಬಂದು ದೂರು ಕೊಟ್ಟ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅವನ ಹೆಂಡತಿ, ಹಿಂದಿನ ಮಧ್ಯಾಹ್ನ ಯಂತ್ರದ ಮುಂದೆಯೇ ಕುಸಿದು ಸತ್ತಿದ್ದಳು.

"ಹಾರ್ಟ್ ವೀಕಾಗಿತ್ತು ಅಂತಾರೆ ಕಾರ್ಖಾನೆಯವ್ರು ಮೇಡಂ. ಮೂರು ಮಹಡಿ ನೀರು ಹೊತ್ತು ಹತ್ತೋಳು ಅವಳು! ಮೈ ಕೆಂಡದ ಹಾಗೆ ಸುಡ್ತಿತ್ತು."

ಇನ್ಸ್‌ಪೆಕ್ಟರ್ ಅಸಹಜ ಸಾವಿನ ಪ್ರಕರಣ ದಾಖಲಿಸಿಕೊಂಡಳು. ಮರುದಿನ ಮರಣೋತ್ತರ ಪರೀಕ್ಷೆಯ ವರದಿ ಬಂತು: ಹೃದಯದಲ್ಲಿ ದೋಷವಿಲ್ಲ, ವಿಪರೀತ ಶಾಖದಿಂದ ಸಾವು. ಎಫ್‌ಐಆರ್ ಆಯಿತು.

ಕಾರ್ಖಾನೆಯ ಮಾಲೀಕ ಪೊಲೀಸರನ್ನು ನಗುನಗುತ್ತಲೇ ಬರಮಾಡಿಕೊಂಡ. ಇಸ್ತ್ರಿ ವಿಭಾಗದ ಗೋಡೆಯ ಮೇಲಿನ ಮೀಟರ್ ತೋರಿಸಿದ. ತಾಪಮಾನ ಇಪ್ಪತ್ತೆಂಟು, ತೇವಾಂಶ ಶೇಕಡ ನಲವತ್ತಾರು.

"ಮೂವತ್ತೆಂಟು ದಾಟಿದ್ರೆ ಸೈರನ್ ಕೂಗತ್ತೆ, ಯಂತ್ರ ತಾನಾಗೇ ನಿಲ್ಲತ್ತೆ. ಎಲ್ಲಾ ರೆಕಾರ್ಡ್ ಆಗತ್ತೆ ಮೇಡಂ."

ಅವನ ಮಾತು ಮುಗಿಯುವಷ್ಟರಲ್ಲಿ ಇನ್ಸ್‌ಪೆಕ್ಟರ್ ತೊಟ್ಟಿದ್ದ ಸಮವಸ್ತ್ರ ಬೆನ್ನಿಗಂಟಿತ್ತು. ಹಬೆಗೆ ಉಸಿರು ಕಟ್ಟುತ್ತಿತ್ತು. ಇಪ್ಪತ್ತೆಂಟಂತೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಇಲ್ಲೇ ಒಂದು ಗಂಟೆ ನಿಂತಿರ್ತೀರಾ?"

"ನನಗೆ ಬಿಪಿ ಇದೆ ಮೇಡಂ."

"ಅವಳಿಗೆ ಏನೂ ಇರಲಿಲ್ಲ."

ಹೆಡ್ ಕಾನ್‌ಸ್ಟೆಬಲ್ ಏಣಿ ಹಾಕಿ ಮೀಟರಿನ ವೈರು ಹಿಡಿದುಕೊಂಡೇ ಹೋದ. ಅದು ಗೋಡೆ ದಾಟಿ ಮಾಲೀಕನ ಕೋಣೆ ಸೇರಿತ್ತು. ಶಾಖ ಅಳೆಯಬೇಕಾದ ಸೆನ್ಸರ್ ಅವನ ಕುರ್ಚಿಯ ಹಿಂದೆ, ಏಸಿಯ ತಂಗಾಳಿಯಲ್ಲಿ ಹಾಯಾಗಿ ತೂಗಾಡುತ್ತಿತ್ತು.

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಪ್ರಯೋಗಾಲಯದಿಂದ ತರಿಸಿದ ಮೀಟರನ್ನು ಇಸ್ತ್ರಿ ಯಂತ್ರದ ಪಕ್ಕದಲ್ಲಿಟ್ಟರು. ನಲವತ್ತನಾಲ್ಕು ಡಿಗ್ರಿ, ತೇವಾಂಶ ಎಂಬತ್ತೊಂದು. ಸೆನ್ಸರನ್ನೂ ಅಲ್ಲಿಗೇ ತಂದು ಹಿಡಿದಾಗ ಸೈರನ್ ಕಿವಿ ಹರಿಯುವಂತೆ ಕೂಗಿ ಯಂತ್ರಗಳು ನಿಂತವು.

"ಈ ಸದ್ದು ಕೇಳಿ ಎಷ್ಟು ಕಾಲ ಆಯ್ತಲ್ವಾ!" ಎಂದಳು ಒಬ್ಬ ಕೆಲಸದಾಕೆ. "ಸೂಪರ್‌ವೈಸರ್ ಒಂದಿನ ಏಣಿ ಹತ್ತಿದ್ರು. ಆಮೇಲೆ ಕೂಗಲೇ ಇಲ್ಲ."

ಸೂಪರ್‌ವೈಸರ್ ಬೇರೆ ಯಾರೂ ಅಲ್ಲ, ಬಡಗಿಯ ಒಡಹುಟ್ಟಿದ ತಮ್ಮ. ಅತ್ತಿಗೆಯನ್ನು ಕೆಲಸಕ್ಕೆ ಸೇರಿಸಿದವನೂ ಅವನೇ.

ಇನ್ಸ್‌ಪೆಕ್ಟರ್ ಅವನನ್ನು ಕರೆಸಿ ಕೇಳಿದಳು. "ಯಾರು ಹೇಳಿದ್ದು?"

"ಸಾಹೇಬ್ರು. ಸೈರನ್ ಬಾಯಿ ಮುಚ್ಚಿಸು ಅಂದ್ರು."

"ನಾನು ಹಾಗಂದೇ ಇಲ್ಲ!" ಮಾಲೀಕ ಅರಚಿದ.

"ನಿಮ್ಮ ತಲೆ ಹಿಂದೇನೇ ನೇತಾಡ್ತಿತ್ತು. ಕಣ್ಣಿಗೆ ಬೀಳಲಿಲ್ವಾ?" ಎಂದು ಇನ್ಸ್‌ಪೆಕ್ಟರ್ ಪಕ್ಕದ ಮೇಜು ಗುದ್ದಿದಳು. "ಇಬ್ಬರನ್ನೂ ಹತ್ತಿಸಿ ಜೀಪಿಗೆ."

ಸಂಜೆ ಐದೂಕಾಲಿಗೆ ಬಂಧನ ದಾಖಲಾಯಿತು. ಹೇಳಿಕೆಯಲ್ಲಿ ಸೂಪರ್‌ವೈಸರ್ ಏನನ್ನೂ ಮುಚ್ಚಿಡಲಿಲ್ಲ. ಸೈರನ್ ಕೂಗಿದಾಗಲೆಲ್ಲ ಮಾಲೀಕ ಅವನನ್ನು ಎಲ್ಲರೆದುರು ನಿಲ್ಲಿಸಿ ಮಾನ ಕಳೆಯುತ್ತಿದ್ದ. ತನ್ನ ಕೈಕೆಳಗಿನವರು ಮುಸಿಮುಸಿ ನಗುವುದು ನಿಂತರೆ ಸಾಕಾಗಿತ್ತು ಅವನಿಗೆ.

ಬಡಗಿ ಠಾಣೆಯ ಬೆಂಚಿನಿಂದ ಎದ್ದು ಬಂದ. ತಮ್ಮನ ಮೇಲೆ ಕೈ ಮಾಡಿಯಾನೆಂದು ಕಾನ್‌ಸ್ಟೆಬಲ್ ಅಡ್ಡ ನಿಂತ. ಆದರೆ ಬಡಗಿ ಕೇಳಿದ್ದು ಒಂದೇ ಮಾತು.

"ಅವಳು ನಿನ್ನ ಹತ್ತಿರ ಬಂದಿದ್ಲೇನೋ?"

ತಮ್ಮ ತಲೆ ಎತ್ತಲಿಲ್ಲ. "ಬಂದಿದ್ಲು ಅಣ್ಣ. ತಲೆ ಸುತ್ತತ್ತೆ, ಸ್ವಲ್ಪ ಹೊರಗೆ ಹೋಗಿ ಬರ್ತೀನಿ ಅಂದ್ಲು. ನಾನು ಮೀಟರ್ ತೋರಿಸಿದೆ."

"ಏನಂದ್ಲು?"

"'ಹಾಗಾದ್ರೆ ನನ್ನ ಮೈಯೇ ಸರಿಯಿಲ್ಲ ಬಿಡು' ಅಂದು ವಾಪಸ್ ಹೋದ್ಲು."