ಮೊದಲು ಬಂದದ್ದು ಸಿಟ್ಟು

ಟೈಲರ್ ನೆಲದ ಮೇಲೆ ಮಂಡಿಯೂರಿದ್ದ. ಅವಳು ಮರದ ಸ್ಟೂಲಿನ ಮೇಲೆ, ಕನ್ನಡಿಗೆ ಎದುರಾಗಿ ನಿಂತಿದ್ದಳು. ಯೂನಿಫಾರಂ ಪ್ಯಾಂಟಿನ ಅಂಚು ಮಡಚುತ್ತಿದ್ದವನ ಕೈ ಒಂಚೂರು ಜಾರಿತು. ಗುಂಡುಸೂಜಿ ಬಟ್ಟೆ ದಾಟಿ ಅವಳ ಹಿಮ್ಮಡಿಯ ಪಕ್ಕಕ್ಕೆ ಚುಚ್ಚಿತು.

“ಅಯ್ಯೋ, ಸಾರಿ ಮೇಡಂ!”

“ಯಾಕೆ, ಏನಾಯ್ತು?”

“ರಕ್ತ ಬರ್ತಿದೆ.”

ಅವಳು ಬಗ್ಗಿ ನೋಡಿದಳು. ಸಾಸಿವೆ ಕಾಳಿನಷ್ಟು ರಕ್ತ. “ಹೌದಲ್ಲ” ಎಂದಳು, ಯಾರದೋ ಕಾಲನ್ನು ನೋಡಿದ ಹಾಗೆ.

“ನೋವಾಗ್ಲಿಲ್ವಾ?”

“ಇಲ್ಲ ಮಾಸ್ಟ್ರೇ. ಪಾದ ಯಾವಾಗ್ಲೂ ಜೋಮು ಹಿಡಿದ ಹಾಗಿರತ್ತೆ. ಬೆರಳೂ ಅಷ್ಟೇ. ಬೇಗ ಮುಗಿಸಿ, ಹನ್ನೊಂದೂಕಾಲಿನ ರೈಲಿಗೆ ನಾನೇ ಕೂಗ್ಬೇಕು.”

ಎದುರಿನ ರೈಲ್ವೆ ಸ್ಟೇಷನ್ನಿನಲ್ಲಿ ಅವಳು ಅನೌನ್ಸರ್. ಒಂದೂವರೆ ವರ್ಷದ ಹಿಂದೆ ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡಾಗ ನೂರಾ ಹದಿನೆಂಟು ಕೆಜಿ ಇದ್ದಳು, ಈಗ ಅರವತ್ತೇಳು. ಯೂನಿಫಾರಂ ಸಣ್ಣದು ಮಾಡಿಸಲು ಈ ಅಂಗಡಿಗೆ ಬಂದದ್ದು ಇದು ಐದನೇ ಸಲ. ಅಕ್ಕನಂತೂ ಸಿಕ್ಕಸಿಕ್ಕವರಿಗೆಲ್ಲ ಹಳೆಯ ಫೋಟೋ, ಹೊಸ ಫೋಟೋ ಅಕ್ಕಪಕ್ಕ ಹಿಡಿದು ತೋರಿಸುತ್ತಿದ್ದಳು. ಎಲ್ಲರೂ ಹೊಗಳುತ್ತಿದ್ದರು. ಇವಳು ಥ್ಯಾಂಕ್ಸ್ ಅನ್ನುತ್ತಿದ್ದಳು. ಆ ಥ್ಯಾಂಕ್ಸಿನ ಹಿಂದೆ ಏನೂ ಇರುತ್ತಿರಲಿಲ್ಲ. ಹಸಿವು ಹೋಗುವಾಗ ತನ್ನ ಜೊತೆಗೆ ಇನ್ನೂ ಏನೇನನ್ನೋ ಗಂಟುಮೂಟೆ ಕಟ್ಟಿಸಿಕೊಂಡು ಹೋಗಿತ್ತು. ಅಳು, ನಗು, ಯಾರಾದರೂ ತನಗಾಗಿ ಕಾಯಲಿ ಎಂಬ ಆಸೆ.

“ಡಾಕ್ಟರು ಗುಳಿಗೆ ಕೊಟ್ಟಿರ್ಬೇಕಲ್ವಾ?” ಟೈಲರ್ ಹತ್ತಿ ಒತ್ತುತ್ತ ಕೇಳಿದ.

“ಕೊಟ್ಟಿದ್ರು. ಬದುಕಿರೋವರೆಗೂ ತಗೋಬೇಕಂತೆ. ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಐರನ್, ಬಿ ಟ್ವೆಲ್ವ್. ಐರನ್‌ಗೂ ಕ್ಯಾಲ್ಸಿಯಂಗೂ ಆಗಿಬರಲ್ಲ, ಮಧ್ಯೆ ಎರಡು ಗಂಟೆ ಗ್ಯಾಪ್ ಇರ್ಬೇಕು. ಪ್ರೋಟೀನ್ ಪೌಡರ್ ಬೇರೆ, ಸೀಮೆಸುಣ್ಣ ಕಲಸಿ ಕುಡಿದ ಹಾಗೆ.”

“ತಗೋತಿದ್ದೀರಾ?”

“ಬಿಟ್ಟು ಹತ್ತು ತಿಂಗಳಾಯ್ತು.”

“ಯಾಕೆ?”

ಅವಳು ಉತ್ತರ ಹುಡುಕಿದಳು. ಹಟವಿರಲಿಲ್ಲ, ಬೇಜಾರೂ ಇರಲಿಲ್ಲ. ಒಂದು ದಿನ ಡಬ್ಬಿ ಖಾಲಿಯಾಯಿತು, ಮತ್ತೆ ತರಲಿಲ್ಲ. “ಯಾರಿಗೋಸ್ಕರ ಅಂತ ಗೊತ್ತಾಗ್ಲಿಲ್ಲ” ಎಂದಳು.

ಅವನು ಕೊರಳಿನ ಟೇಪು ತೆಗೆದು ಮೊಳೆಗೆ ತಗುಲಿಸಿದ. “ನಡೀರಿ, ಆಸ್ಪತ್ರೆಗೆ.”

“ನಿಮಗೇನು ಮಾಸ್ಟ್ರೇ ಇದ್ರಲ್ಲಿ?”

“ನಿಮ್ಮ ದನಿ ಕೆಟ್ಟಿದೆ. ಮೊದಲೆಲ್ಲ ನೀವು ರೈಲು ಲೇಟ್ ಅಂದ್ರೂ ಕೇಳೋಕೆ ಖುಷಿಯಾಗ್ತಿತ್ತು. ಈಗ ರೈಲು ಬಂತು ಅಂದ್ರೂ ಯಾರೋ ಹೋಗ್ಬಿಟ್ರು ಅನ್ನೋ ಹಾಗಿರತ್ತೆ.” ಇಷ್ಟು ಹೇಳಿದವನ ಕಿವಿ ಕೆಂಪಗಾಯಿತು. ಶಟರ್ ಎಳೆಯುವ ನೆಪದಲ್ಲಿ ತಿರುಗಿಕೊಂಡ.

ಹನ್ನೊಂದೂಕಾಲಿನ ರೈಲನ್ನು ಅವತ್ತು ಸ್ಟೇಷನ್ ಮಾಸ್ಟರೇ ಕೂಗಿದರು.

ಮರುದಿನ ರಿಪೋರ್ಟ್ ನೋಡಿದ ಡಾಕ್ಟರಮ್ಮ ಇಬ್ಬರನ್ನೂ ತರಾಟೆಗೆ ತೆಗೆದುಕೊಂಡರು. “ಬಿ ಟ್ವೆಲ್ವ್ ತಳ ಮುಟ್ಟಿದೆ. ಇನ್ನೂ ಹೀಗೇ ಬಿಟ್ಟಿದ್ರೆ ಗೋಡೆ ಹಿಡ್ಕೊಂಡು ನಡೀಬೇಕಿತ್ತು. ಇವತ್ತಿಂದಲೇ ಇಂಜೆಕ್ಷನ್ ಶುರು. ಆದ್ರೆ ನರ ಪೂರ್ತಿ ಸರಿಹೋಗತ್ತೆ ಅಂತ ಮಾತು ಕೊಡಲ್ಲ. ಏನ್ರೀ, ಹೆಂಡ್ತಿ ಗುಳಿಗೆ ಬಿಟ್ಟಿದ್ದು ನಿಮ್ಮ ಕಣ್ಣಿಗೆ ಬೀಳ್ಲೇ ಇಲ್ವಾ?”

“ನಾನು ಗಂಡ ಅಲ್ಲ ಡಾಕ್ಟ್ರೇ. ಟೈಲರ್.”

ಡಾಕ್ಟರಮ್ಮ ಅವಳ ಕಡೆ ತಿರುಗಿದರು. “ಟೈಲರ್‌ಗಿರೋ ಕಾಳಜಿ ನಿಮಗಿಲ್ವಲ್ಲಮ್ಮ!”

ಇಲ್ಲಿ ನಗು ಬರಬೇಕಿತ್ತು ಎಂದು ಅವಳಿಗೆ ಗೊತ್ತಾಯಿತು. ಬರಲಿಲ್ಲ.

ಮುಂದಿನ ವಾರ ಅವನು ಅಂಗೈಯಗಲದ ಒಂದು ಬಟ್ಟೆ ಚೀಲ ಹೊಲಿದಿಟ್ಟಿದ್ದ. ಒಳಗೆ ನಾಲ್ಕು ಜೇಬು. ಹಳದಿ ದಾರದ ಅಂಚಿನದು ಬೆಳಗಿನ ಮಲ್ಟಿವಿಟಮಿನ್‌ಗೆ, ಬಿಳಿಯವೆರಡು ಕ್ಯಾಲ್ಸಿಯಂಗೆ, ಕೆಂಪು ಐರನ್‌ಗೆ. ರೈಲುಗಳ ನಡುವೆ ಬಿಡುವಾದಾಗ ಅವಳು ರಸ್ತೆ ದಾಟಿ ಬಂದು, ಅಂಗಡಿಯ ಬೆಂಚಿನ ಮೇಲೆ ಕೂತು ನುಂಗಿ ಹೋಗುವುದು ರೂಢಿಯಾಯಿತು.

“ಹಳದಿ ಆಯ್ತಾ?”

“ಆಯ್ತು.”

“ಬಿಳಿ?”

“ಈಗ್ತಾನೇ.”

“ಎಲ್ಲಿ, ನಾಲಿಗೆ ತೋರ್ಸಿ.”

“ನಾನೇನು ಎಲ್‌ಕೆಜಿ ಮಗುನಾ ಮಾಸ್ಟ್ರೇ?”

ಪ್ರೋಟೀನ್ ಕುಡಿಯುವಾಗ ಅವಳ ಮುಖ ಹುಳ್ಳಗಾಗುತ್ತಿತ್ತು. ಒಮ್ಮೆ ಕನ್ನಡಿಯಲ್ಲಿ ನೋಡಿದರೆ, ಮೆಷಿನ್ ಹಿಂದೆ ಕೂತವನ ಮುಖವೂ ಹುಳ್ಳಗಾಗಿತ್ತು, ತಾನೇ ಕುಡಿಯುತ್ತಿರುವ ಹಾಗೆ. ಕಣ್ಣು ಕಣ್ಣು ಸೇರಿದ್ದೇ ತಡ, ದಾರವಿದ್ದ ಸೂಜಿಗೇ ಅವನು ಮತ್ತೆ ದಾರ ಪೋಣಿಸತೊಡಗಿದ. ಅವಳು ನೋಡಿಯೂ ನೋಡದವಳಂತೆ ಲೋಟ ತೊಳೆದಿಟ್ಟಳು.

ಎರಡು ತಿಂಗಳಲ್ಲಿ ಬೆರಳ ತುದಿ ಉರಿಯತೊಡಗಿತು. ನರ ಎಚ್ಚರಾಗುತ್ತಿರಬಹುದು ಎಂದರು ಡಾಕ್ಟರಮ್ಮ. ಮನಸ್ಸು ಮಾತ್ರ ಮುಸುಕು ಹಾಕಿಕೊಂಡು ಮಲಗೇ ಇತ್ತು.

ಆಗಲೇ ಅಕ್ಕ ಒಂದು ಸುದ್ದಿ ತಂದಳು. ಐದು ವರ್ಷದ ಹಿಂದೆ ಹೆಣ್ಣು ನೋಡಲು ಬಂದು ‘ಇವಳು ನಮ್ಮನೆ ಬಾಗಿಲಲ್ಲಿ ಹಿಡಿಸಲ್ಲ’ ಎಂದು ನಕ್ಕು ಎದ್ದುಹೋಗಿದ್ದ ಇಂಜಿನಿಯರ್ ಮತ್ತೆ ಕೇಳಿದ್ದಾನೆ. ಅವಳ ಹೊಸ ಫೋಟೋ ನೋಡಿದ್ದಾನೆ.

“ಆಗಿದ್ದು ಆಗೋಯ್ತು ಬಿಡೇ. ಒಂದ್ಸಲ ಭೇಟಿ ಮಾಡು” ಎಂದಳು ಅಕ್ಕ.

ಬೇಡ ಅನ್ನುವುದಕ್ಕೂ ಒಂದಿಷ್ಟು ಜೀವ ಬೇಕು. ಅವಳು ಸರಿ ಎಂದಳು.

ಭೇಟಿಗೆ ಹಾಕಿಕೊಳ್ಳಲು ಬಟ್ಟೆ ಬೇಕೆಂದು ಟೈಲರ್‌ಗೂ ಹೇಳಿದಳು, ಯಾವ ರೈಲು ಯಾವ ಪ್ಲಾಟ್‌ಫಾರಂಗೆ ಎಂದು ಹೇಳುವಷ್ಟೇ ನೆಟ್ಟಗೆ. ಅವನು ತಲೆಯಾಡಿಸಿದ. ಮೂರು ದಿನದಲ್ಲಿ ನೀಲಿ ಬಣ್ಣದ ಉಡುಪು ತಯಾರಾಯಿತು. ಅಂಥ ಹೊಲಿಗೆಯನ್ನು ಅವಳು ಕಂಡೇ ಇರಲಿಲ್ಲ. ಒಳಗಿನ ಅಂಚೂ ಹೊರಗಿನಷ್ಟೇ ನಯವಾಗಿತ್ತು, ಸಣ್ಣಗಾದ ಭುಜದ ಮೇಲೆ ಎಲ್ಲೂ ಒಂದು ಸುಕ್ಕಿಲ್ಲ.

“ಹೇಗಿದೆ?” ಕನ್ನಡಿಯ ಮುಂದೆ ನಿಂತು ಕೇಳಿದಳು.

ಅವನು ಭುಜದ ಹೊಲಿಗೆಯನ್ನಷ್ಟೇ ನೋಡಿದ. “ಅಳತೆ ಸರಿಯಾಗಿದೆ.”

“ಅಷ್ಟೇನಾ?”

“ಅಷ್ಟೇ ಮೇಡಂ.”

ಕೆಫೆಯಲ್ಲಿ ಇಂಜಿನಿಯರ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. “ಗುರುತೇ ಸಿಗ್ಲಿಲ್ಲ ನೋಡಿ! ಎಷ್ಟು ಚೆನ್ನಾಗಿ ಆಗಿದ್ದೀರಿ” ಎಂದ. ಅವಳು ಚೀಲದಿಂದ ಗುಳಿಗೆ ತೆಗೆದಾಗ ದನಿ ತಗ್ಗಿಸಿ, “ಇದೆಲ್ಲ ಇನ್ನೆಷ್ಟು ದಿನ? ನಮ್ಮ ಮನೇಲಿ ಆಪರೇಷನ್ ವಿಷಯ ಹೇಳೋದು ಬೇಡ” ಎಂದ.

ಸಿಟ್ಟು ಬರಬೇಕಿತ್ತು. ಅವಳು ಕಾದಳು, ಬರಲಿಲ್ಲ. ಗುಳಿಗೆ ನುಂಗಿದಳು, ಅವನು ಏನೋ ಹೇಳುತ್ತಲೇ ಇದ್ದ. ಆಗ ಎದೆಯ ಮೂಲೆಯಲ್ಲಿ ಬಿಸಿಯಾಗಿ ಏನೋ ಎದ್ದಿತು. ಮೊದಲು ಅಸಿಡಿಟಿ ಅಂದುಕೊಂಡಳು. ಅದು ಗಂಟಲಿಗೆ ಬಂತು, ಕೆನ್ನೆಗೆ ಬಂತು. ಸಿಟ್ಟು! ಆದರೆ ಎದುರಿಗೆ ಕೂತವನ ಮೇಲಲ್ಲ. ಅವಳಿಗೇ ಆಶ್ಚರ್ಯವಾಯಿತು. ತುಂಬಿದ ಟೀ ಕಪ್ಪನ್ನು ಹಾಗೇ ಬಿಟ್ಟು, “ಕ್ಷಮಿಸಿ, ನನಗೆ ಬೇರೆ ಕಡೆ ಜಗಳ ಇದೆ” ಎಂದು ಎದ್ದು ಹೊರಟಳು.

ಅಂಗಡಿಗೆ ಬಂದಾಗ ಏದುಸಿರು. ಟೈಲರ್ ಗಾಬರಿಯಿಂದ ಎದ್ದ. “ಏನಂದ ಅವನು?”

“ಅವನ ಸುದ್ದಿ ಬಿಡಿ. ನೀವೇನಂದ್ರಿ? ಅಳತೆ ಸರಿಯಾಗಿದೆ! ದಿನಾ ನಾಲಿಗೆ ತೋರ್ಸು ಅನ್ನೋರಿಗೆ ಬಾಯಲ್ಲಿ ಬೇರೆ ಒಂದು ಮಾತು ಇರ್ಲಿಲ್ವಾ? ನಾನು ಇನ್ನೊಬ್ಬನ್ನ ನೋಡೋಕೆ ಹೋಗ್ತೀನಿ ಅಂದ್ರೆ ಬಟನ್ ಹಾಕಿ ಕಳಿಸ್ಬಿಡ್ತೀರಲ್ಲ!”

ಅವಳ ಕಣ್ಣಲ್ಲಿ ನೀರಿತ್ತು. ಅವನು ಅವಳನ್ನು ನೋಡಿದ. ಕನ್ನಡಿಯಲ್ಲಿ ಅಲ್ಲ, ನೇರವಾಗಿ.

“ಇತ್ತು. ಮೂರು ವರ್ಷದಿಂದ ಇದೆ” ಎಂದ.

“ಮೂರು ವರ್ಷದ ಹಿಂದೆ ನಾನು ಎಷ್ಟು ದಪ್ಪ ಇದ್ದೆ ಅಂತ ನೆನಪಿದೆಯಾ?”

“ಬಟ್ಟೆ ಜಾಸ್ತಿ ಬೇಕಿತ್ತು. ನನಗೆ ಕಂಡ ವ್ಯತ್ಯಾಸ ಅಷ್ಟೇ. ನೀವು ಸಣ್ಣ ಆಗ್ತಾ ಆಗ್ತಾ ಎಲ್ಲರೂ ತಿರುಗಿ ನೋಡೋಕೆ ಶುರು ಮಾಡಿದ್ರು. ಆಮೇಲೆ ಹೇಳಿದ್ರೆ ನಾನೂ ಅವರಲ್ಲೊಬ್ಬ ಅಂದ್ಕೋತೀರ ಅಂತ ಬಾಯಿ ಕಟ್ಟಿಹೋಯ್ತು.”

ಅವಳು ಬೆಂಚಿನ ಮೇಲೆ ಕುಸಿದು ಕೂತಳು. ಅಂಗೈಯಿಂದ ಕಣ್ಣೊರೆಸಿಕೊಂಡಳು. “ನನಗಿನ್ನೂ ಎಲ್ಲ ವಾಪಸ್ ಬಂದಿಲ್ಲ ಮಾಸ್ಟ್ರೇ. ಸದ್ಯಕ್ಕೆ ಸಿಟ್ಟು ಬಂದಿದೆ, ಅದೂ ನಿಮ್ಮ ಮೇಲೆ. ಮಿಕ್ಕಿದ್ದು ಯಾವಾಗ ಬರತ್ತೋ, ಬರತ್ತೋ ಇಲ್ವೋ, ನನಗೂ ಮಾತು ಕೊಡೋಕಾಗಲ್ಲ.”

“ಸಿಟ್ಟಾದ್ರೂ ಬೇರೆಯವರ ಪಾಲಾಗ್ಲಿಲ್ವಲ್ಲ, ಸಾಕು” ಎಂದ ಅವನು. ಅವಳ ಪಕ್ಕದಲ್ಲಿ ಕೂತ, ಒಂದು ಗೇಣು ಜಾಗ ಬಿಟ್ಟು. ಸ್ವಲ್ಪ ಹೊತ್ತಿಗೆ ಆ ಜಾಗವನ್ನು ಅವಳೇ ತುಂಬಿದಳು.

ಅಷ್ಟರಲ್ಲಿ ಅಕ್ಕನ ಫೋನು. ಅವಳು ಸ್ಪೀಕರ್ ಒತ್ತಿದಳು.

“ಏನೇ ಇದು! ಟೀನೂ ಕುಡೀದೆ ಎದ್ದು ಬಂದ್ಯಂತೆ? ಅವರಿಗೆ ನಾನೇನು ಹೇಳ್ಲಿ?”

“ಬೇಡ ಅಂದ್ಬಿಡು ಅಕ್ಕ.”

ಅಕ್ಕ ದನಿ ತಗ್ಗಿಸಿದಳು. “ನಿಜ ಹೇಳು. ಬೇರೆ ಯಾರಾದ್ರೂ ಇದ್ದಾರಾ?”

ಟೈಲರ್ ತಟ್ಟನೆ ಎದ್ದು ಹೋಗಿ, ಬಟ್ಟೆಯೇ ಇಲ್ಲದ ಮೇಜಿನ ಮೇಲೆ ಕತ್ತರಿ ಆಡಿಸತೊಡಗಿದ.

“ಇದ್ದಾರೆ. ಇಲ್ಲೇ ಇದ್ದಾರೆ. ಮಾತಾಡು” ಎಂದು ಅವಳು ಫೋನನ್ನು ಅವನ ಮುಂದೆ ಹಿಡಿದಳು.

ಅವನು ಕತ್ತರಿ ಕೆಳಗಿಟ್ಟ. ಎರಡು ಸಲ ಗಂಟಲು ಸರಿಮಾಡಿಕೊಂಡ. ಅಂಗಿಯ ಕಾಲರ್ ಕೂಡ ನೆಟ್ಟಗೆ ಮಾಡಿಕೊಂಡ.

“ಅಕ್ಕಾ...” ಎಂದ.