ಓಡದ ಒಂದು ವಾರ

"ಮುಷ್ಟಿ ಬಿಗಿ ಮಾಡಿ" ಅಂದಳು ಬುಷ್ರಾ.

ಮಾಡಿದೆ. ತೋಳು ಉಬ್ಬಿ ಕಾಣಲಿ ಅಂತ ಸ್ವಲ್ಪ ಜಾಸ್ತಿಯೇ ಬಿಗಿ ಮಾಡಿದೆ.

"ಅಷ್ಟೆಲ್ಲ ಬೇಡ. ರಕ್ತ ತಗೊಳ್ಳೋದಷ್ಟೆ, ಕುಸ್ತಿ ಏನಿಲ್ಲ."

ಮುಖಕ್ಕೆ ಮಾಸ್ಕ್ ಇತ್ತು, ತುಟಿ ಕಾಣಲಿಲ್ಲ. ಕಣ್ಣು ಮಾತ್ರ ನಕ್ಕಿತು. ಫುಟ್‌ಬಾಲ್ ಆಡುವವನು ಹೇಳಬಾರದ ಮಾತು, ಆದರೂ ಹೇಳುತ್ತೇನೆ: ಕ್ಲೀನ್ ಬೌಲ್ಡ್ ಆದೆ.

ಬೆಂಗಳೂರಿನ ಒಂದು ಕ್ಲಬ್‌ಗೆ ನಾನು ಡಿಫೆಂಡರ್. ರಜೆಗೆ ಬೀರೂರಿಗೆ ಬಂದಿದ್ದೆ. ಸೀಸನ್ನಿಗೆ ಮುಂಚೆ ಬ್ಲಡ್ ರಿಪೋರ್ಟ್ ಕಳಿಸಬೇಕಿತ್ತು. ಕಡೂರು, ಬೀರೂರಿನಲ್ಲಿ ಲ್ಯಾಬ್‌ಗಳಿಗೇನು ಬರವಿಲ್ಲ. ಈ ಲ್ಯಾಬಿಗೇ ಬಂದ ಕಾರಣ ಬೇರೆ. ಇಲ್ಲಿ ಟೆಕ್ನಿಷಿಯನ್ ಆಗಿರುವವಳು ತರೀಕೆರೆಯ ದಾವೂದ್ ಸಾಬರ ಮಗಳು, ಮತ್ತು ಆ ವಾರವೇ ನಮ್ಮ ಅಮ್ಮಿ ಅವರ ಮನೆಗೆ ಹೋಗಿ ನನಗಾಗಿ ಸಂಬಂಧ ಕೇಳಿ ಬಂದಿದ್ದರು. ಹುಡುಗಿಯ ಎದುರು ಗಟ್ಟಿಮುಟ್ಟಾಗಿ ಕಾಣಬೇಕಲ್ಲ? ಹಿಂದಿನ ಎರಡು ದಿನ ಊರಾಚೆಯ ಗುಡ್ಡ ಹತ್ತಿಳಿದು, ಸ್ಪ್ರಿಂಟ್ ಹೊಡೆದು, ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋಯಿಸಿಕೊಂಡಿದ್ದೆ.

"ನಾನು ಯಾರು ಅಂತ ಗೊತ್ತಾಯ್ತಾ?"

"ಸೈಫ್. ಖಾಲಿ ಹೊಟ್ಟೆ" ಅಂದಳು, ಟ್ಯೂಬಿಗೆ ಹೆಸರು ಅಂಟಿಸುತ್ತಾ. "ಉಳಿದಿದ್ದು ಮನೇಲಿ ಹೇಳಿದ್ದಾರೆ." ಹೇಳಿದವಳೇ ಆ ಕಡೆ ತಿರುಗಿಕೊಂಡಳು. ನಾನು ಕುಂಟುತ್ತಲೇ ಹಾರಿಕೊಂಡು ಮನೆಗೆ ಹೋದೆ.

ಮಾರನೆಯ ದಿನ ದಾವೂದ್ ಸಾಬರು ಫೋನ್ ಮಾಡಿದರು. ಹುಡುಗಿ ಬೇಡ ಅಂತಿದ್ದಾಳೆ, ಕಾರಣ ಕೇಳಿದರೆ ಬಾಯಿ ಬಿಡುತ್ತಿಲ್ಲ ಅಂದರು.

"ನನ್ನ ಮಗನಲ್ಲಿ ಏನು ಕಮ್ಮಿ ಕಂಡ್ತೋ ಅವಳಿಗೆ!" ಅಂತ ಅಮ್ಮಿ ಕಣ್ಣೊರೆಸಿಕೊಂಡರು.

ಕಮ್ಮಿಯಲ್ಲ, ಜಾಸ್ತಿ. ಮೊಬೈಲಿಗೆ ಬಂದಿದ್ದ ರಿಪೋರ್ಟ್ ತೆರೆದರೆ, ಲಿವರ್ ಟೆಸ್ಟ್ ಅಂತ ಎಲ್ಲರೂ ಕರೆಯುವ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಕೆಂಪಕ್ಷರದಲ್ಲಿದ್ದವು. ಗಾಬರಿಯಾಗಿ ಕ್ಲಬ್ಬಿನ ಡಾಕ್ಟರ್ ಓಂಕಾರೇಶ್ ಅವರಿಗೆ ಕಳಿಸಿದೆ. ಅವರು ಫೋನಿನಲ್ಲಿ ನಕ್ಕರು.

"ಟೆಸ್ಟಿಗೆ ಮುಂಚೆ ಏನ್ ಮಾಡಿದ್ಯೋ ಮಾರಾಯ? ಇವು ಬರೀ ಲಿವರ್‌ನಲ್ಲಿ ಇರಲ್ಲ ಕಣೋ, ಮಾಂಸಖಂಡದಲ್ಲೂ ಇರ್ತವೆ. ಮೈ ಮುರಿಯೋ ಹಾಗೆ ಟ್ರೇನಿಂಗ್ ಮಾಡಿದ್ರೆ ರಕ್ತಕ್ಕೆ ಬರ್ತವೆ. ನಿಮ್ಮಂಥೋರಲ್ಲಿ ಮಾಮೂಲಿ. ಒಂದು ವಾರ ಸುಮ್ನೆ ಕೂತ್ಕೊಂಡು ಮತ್ತೆ ಕೊಡು."

ಆಗ ಹೊಳೆಯಿತು. ಅವಳು ನನ್ನನ್ನು ಕುಡುಕ ಅಂದುಕೊಂಡಿದ್ದಾಳೆ.

ಸಂಜೆ ಬೀರೂರು ಸ್ಟೇಷನ್ನಿನಲ್ಲಿ ಅವಳು ಮಾಸ್ಕ್ ಹಾಕಿಕೊಂಡೇ ತರೀಕೆರೆ ರೈಲಿಗೆ ಕಾಯುತ್ತಿದ್ದಳು. ಎದುರಿಗೇ ಹೋಗಿ ನಿಂತೆ.

"ನಾನು ಕುಡಿಯಲ್ಲ."

"ನಾನೇನೂ ಕೇಳ್ಲಿಲ್ಲ."

"ಕೇಳ್ಬೇಕಿತ್ತು. ಟ್ರೇನಿಂಗ್ ಮಾಡಿದ್ರೂ ಏರುತ್ತಂತೆ."

"ಗೊತ್ತು. ನಾನೂ ಓದಿದೀನಿ." ಅವಳ ದನಿ ಏರಲಿಲ್ಲ. "ನಮ್ಮ ಆಪಾ ಗಂಡನೂ ಹಂಗೇ ಹೇಳ್ತಿದ್ದ. ಲೋಡ್ ಎತ್ತಿ ಎತ್ತಿ ಹಿಂಗಾಗಿದೆ, ಕುಡಿತ ಅಲ್ಲ ಅಂತ. ಆಪಾ ನಂಬಿದ್ಲು. ಈಗ ಮಗು ಎತ್ಕೊಂಡು ನಮ್ಮನೇಲಿದ್ದಾಳೆ."

"ಮತ್ತೆ ಕಾರಣ ಅಬ್ಬಾ ಹತ್ರ ಯಾಕೆ ಹೇಳ್ಲಿಲ್ಲ?"

"ಲ್ಯಾಬಿಗೆ ಬಂದೋರ ರಿಪೋರ್ಟ್ ಮನೇಲಿ ಹೇಳ್ತಾರೇನ್ರೀ?"

ಸಿಟ್ಟು ಹೊತ್ತುಕೊಂಡು ಬಂದಿದ್ದೆ, ಅದು ಎತ್ತಲೋ ಹೋಯಿತು. ನನ್ನನ್ನು ಕುಡುಕ ಅಂತ ನಂಬಿಯೂ ನನ್ನ ಮಾನ ಕಾದಿದ್ದಳು. ಮದುವೆ ಅಂತಾದರೆ ಇವಳನ್ನೇ ಅನ್ನಿಸಿತು. ಇವಳು ಸಿಗದಿದ್ದರೆ ಅನ್ನುವ ಭಯವೂ ಅಲ್ಲೇ ಹುಟ್ಟಿತು.

"ಒಂದು ವಾರ ಓಡಲ್ಲ. ಆಮೇಲೆ ಇನ್ನೊಂದ್ಸಲ ಚುಚ್ಚು."

"ಚುಚ್ಚಿ ಅನ್ನಿ" ಅಂದಳು. ಕಣ್ಣಂಚಿನಲ್ಲಿ ಒಂಚೂರು ನಗು. ರೈಲು ಬಂತು, ಹತ್ತಿ ಹೋದಳು.

ಓಡುವವನಿಗೆ ಸುಮ್ಮನೆ ಕೂರುವುದು ಎಂಥ ಶಿಕ್ಷೆ ಅಂತ ಆ ವಾರ ತಿಳಿಯಿತು. ಅಮ್ಮಿ ಬೆಳ್ಳುಳ್ಳಿ ಬಿಡಿಸಲು ಕೂರಿಸಿದರು. ಭಾನುವಾರ ತರೀಕೆರೆಯಲ್ಲಿ ಹಳೇ ಗೆಳೆಯರ ಮ್ಯಾಚ್, ಗೆರೆಯಾಚೆ ನಿಂತು ನೋಡುತ್ತಿದ್ದೆ. ನನ್ನನ್ನೇ ನಂಬಿದ್ದ ಕ್ಯಾಪ್ಟನ್ ತನ್ವೀರ್ ರೇಗಿಬಿಟ್ಟ.

"ಲೇ, ಕಾಲು ಮುರಿದಿದ್ಯೇನೋ? ಸೋಲ್ತಾ ಇದೀವಿ, ಬಾರೋ!"

"ಆಗಲ್ಲ ಕಣೋ."

"ಯಾರಪ್ಪಾ ಬೇಡ ಅಂದೋರು?"

"ಲ್ಯಾಬ್ನೋರು."

ಅಷ್ಟರಲ್ಲಿ ಚೆಂಡು ಉರುಳಿಕೊಂಡು ನನ್ನ ಕಾಲ ಬುಡಕ್ಕೇ ಬಂತು. ಕಾಲು ತಾನಾಗಿ ಎದ್ದಿತು. ತಡೆದೆ. ಬಗ್ಗಿ, ಕೈಯಲ್ಲೆತ್ತಿ ಕೊಟ್ಟೆ. ಮೈದಾನವೆಲ್ಲ ಗೊಳ್ಳೆಂದಿತು. ತಲೆಯೆತ್ತಿದರೆ ರಸ್ತೆ ಬದಿ ಸ್ಕೂಟಿ ನಿಲ್ಲಿಸಿಕೊಂಡು ಬುಷ್ರಾ, ಹಿಂದೆ ಅವಳ ಅಕ್ಕ, ಆ ಆಪಾ. ಮಾಸ್ಕಿನ ಮೇಲಿನ ಕಣ್ಣು ನಗಲಿಲ್ಲ. ತುಂಬ ಹೊತ್ತು ನೋಡಿ ಹೊರಟುಹೋದಳು. ಆ ನೋಟದ ಅರ್ಥವೇನು ಅಂತ ರಾತ್ರಿಯೆಲ್ಲ ಹೊರಳಾಡಿದೆ.

ವಾರ ಮುಗಿದ ಬೆಳಿಗ್ಗೆ ಲ್ಯಾಬಿನಲ್ಲಿ ಕೂತೆ. ಈ ಸಲ ಮುಷ್ಟಿಯನ್ನು ಹೇಳಿದಷ್ಟೇ ಬಿಗಿ ಮಾಡಿದೆ. ಅವಳು ರಕ್ತ ತೆಗೆದು ಹತ್ತಿ ಇಟ್ಟಳು.

"ಒತ್ತಿ ಹಿಡ್ಕೊಳ್ಳಿ. ಸಂಜೆಗೆ ರಿಪೋರ್ಟ್."

"ಈ ಸಲನೂ ಏರಿದ್ರೆ?"

"ಡಾಕ್ಟ್ರಿಗೆ ತೋರಿಸ್ಬೇಕಾಗುತ್ತೆ. ನಾನೂ ಬತ್ತೀನಿ."

"ನೀವ್ಯಾಕೆ?"

ಟ್ಯೂಬ್ ಇನ್ನೂ ಅವಳ ಕೈಯಲ್ಲೇ ಇತ್ತು. ಮಾಸ್ಕ್ ಕೆಳಗೆಳೆದಳು. ಅವಳ ಮುಖ ಪೂರ್ತಿ ಕಂಡಿದ್ದು ಆಗಲೇ. ನಾಚಿಕೆಯಿಂದ ಕೆಂಪಾಗಿತ್ತು.

"ಬೆಳಿಗ್ಗೆ ಅಬ್ಬಾಗೆ ಹೂಂ ಅಂದು ಬಂದಿದೀನಿ."

"ರಿಪೋರ್ಟ್ ಬರೋಕ್ ಮುಂಚೇನೇ?"

"ರಿಪೋರ್ಟ್ ಬೇಕಾಗಿರೋದು ನಿಮ್ಮ ಕ್ಲಬ್ಬಿಗೆ" ಅಂದಳು ಬುಷ್ರಾ. "ನಂಗೆ ಭಾನುವಾರ ಮೈದಾನದಲ್ಲೇ ಸಿಕ್ತು. ಏಳಿ ಈಗ, ಹೊರಗೆ ಜನ ಕಾಯ್ತಿದ್ದಾರೆ."