ಕಾಟು ಹಾಕಿದ ಹಾಳೆ

ಸಿದ್ದಲಿಂಗೇಶನಿಗೆ ಯಾಕೆ ಎಂದು ಕೇಳುವ ರೂಢಿ ಇರಲಿಲ್ಲ.

ಬೆಟಗೇರಿಯಲ್ಲಿ ಕರೀಮಸಾಬರ ಮಗ್ಗದ ಶೆಡ್ಡಿನ ಮೇಲೊಂದು ಕೋಣೆ. ಅಲ್ಲಿ ಅವನೂ ಮೇಧಾಳೂ ಐದು ವರ್ಷ ಒಂದು ಕಾರ್ಟೂನ್ ಮಾಡಿದರು. ‘ಚೆನ್ನಿ–ಕೋಣಪ್ಪ’ ಎಂದು ಅದರ ಹೆಸರು. ಚೆನ್ನಿ ಹತ್ತು ವರ್ಷದ ಬಾಯಿಬಡುಕಿ. ಕೋಣಪ್ಪ ಮಾತು ಬಲ್ಲ ಕೋಣ, ಆದರೆ ಮಾತಾಡಲು ಬೇಸರ. ಚೆನ್ನಿಗೆ ಮೇಧಾಳ ದನಿ. ಕೋಣಪ್ಪನಿಗೆ ಸಿದ್ದುವಿನದು, ಬೇರೆ ಯಾರೂ ಸಿಗಲಿಲ್ಲವೆಂದು. ಚಿತ್ರಗಳೆಲ್ಲ ಅವನವು. ಯೂಟ್ಯೂಬಿನಲ್ಲಿ ನಲವತ್ತೊಂದು ಕಂತು ಬಂದವು.

ಕೆಳಗೆ ಎಂಟು ಪವರ್‌ಲೂಮ್. ಕರೆಂಟ್ ಹೋದಾಗ ಮಾತ್ರ ಸದ್ದು ನಿಲ್ಲುತ್ತಿತ್ತು. ಓಣಿಯೆಲ್ಲ ಬೈಯುವ ಆ ಹೊತ್ತಿನಲ್ಲಿ ಇವರಿಬ್ಬರೂ ದನಿ ಮಾರ್ದನಿಸದಂತೆ ಗೋಡೆಗೆ ಕೌದಿ ಕಟ್ಟಿದ ಮೂಲೆಗೆ ಓಡಿ, ಬ್ಯಾಟರಿ ಮೇಲೆ ದನಿ ರೆಕಾರ್ಡ್ ಮಾಡುತ್ತಿದ್ದರು. ಅವಳು ಮಾತಾಡುವಾಗ ಅವನು ತುಟಿ ನೋಡಿ ಗೀಚಿಕೊಳ್ಳುತ್ತಿದ್ದ. ‘ಪ’ ಅನ್ನುವಾಗ ಅವಳ ಕೆಳತುಟಿ ಒಂಚೂರು ಎಡಕ್ಕೆ ಜಾರುತ್ತಿತ್ತು. ಚೆನ್ನಿಯ ತುಟಿಯೂ ಹಾಗೆಯೇ ಜಾರುತ್ತಿತ್ತು.

“ಬರೇ ಬಾಯಿ ನೋಡ್ತಿ,” ಅಂದಿದ್ದಳು ಒಮ್ಮೆ. “ಮ್ಯಾಲೆ ಎರಡು ಕಣ್ಣು ಅವ. ಯಾವಾಗರೆ ನೋಡಿಯೇನು?”

“ಕಣ್ಣಾಗಿಂದ ಸೌಂಡ್ ಬರಂಗಿಲ್ಲಲ್ಲ.”

“ಕೋಣಾ.”

ಅವನ ಕಿವಿ ಕೆಂಪಾಯಿತು. ಅವಳು ಅದನ್ನು ಪೂರ್ತಿ ನೋಡಿ, ನೋಡದವಳಂತೆ ಹೆಡ್‌ಫೋನ್ ಹಾಕಿಕೊಂಡಳು.

ಅವರ ನಡುವೆ ಒಂದು ನಿಯಮವಿತ್ತು. ಒಬ್ಬರ ಹಾಳೆಗೆ ಇನ್ನೊಬ್ಬರು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು ಕಾಟು ಹಾಕಿದರೆ ಕಾರಣ ಕೇಳುವಂತಿಲ್ಲ. ಬೇರೆ ಬರೆಯಬೇಕು, ಇಲ್ಲವೇ ಬಿಡಬೇಕು. ಮೊದಲ ಮೂರು ತಿಂಗಳು ಕಾರಣ ಕೇಳಿ ಜಗಳಾಡಿದ್ದರಿಂದ ಒಂದು ಕಂತೂ ಮುಗಿದಿರಲಿಲ್ಲ. ನಿಯಮ ಬಂದ ಮೇಲೆ ಕೆಲಸ ಸಾಗಿತು. ಸಿದ್ದುವಿಗೆ ನಿಯಮ ಮೈಗೊಗ್ಗಿತು.

ಆಮೇಲೆ ಒಂದು ದೊಡ್ಡ ಕಂಪನಿ ಬಂತು. ಕಾರ್ಟೂನನ್ನು ನಿಜವಾದ ನಟರನ್ನಿಟ್ಟು ಸಿನಿಮಾ ಮಾಡುತ್ತೇವೆ ಎಂದಿತು. ಚೆನ್ನಿ, ಕೋಣಪ್ಪ ಇನ್ನು ಕಂಪನಿಗೆ ಸೇರಿದ್ದು ಎಂದು ಕರಾರಿನಲ್ಲಿತ್ತು. ಕತೆ ಬರೆಯುವವರು ನೀವೇ ಎಂದೂ ಇತ್ತು. ಇಬ್ಬರೂ ಎರಡನೆಯ ಸಾಲನ್ನು ಮಾತ್ರ ಮನಸ್ಸಿಟ್ಟು ಓದಿದರು.

ಹಮ್ಮಿಗಿಯ ಹೊಳೆ ದಂಡೆಯಲ್ಲಿ ಶೂಟಿಂಗ್ ಶುರುವಾದ ದಿನ ಕೈಗೆ ಕೊಟ್ಟ ಚಿತ್ರಕತೆಯಲ್ಲಿ ಚೆನ್ನಿಗೆ ಇಪ್ಪತ್ತು ವರ್ಷವಾಗಿತ್ತು. ಅವಳಿಗೊಂದು ಹಾಡೂ ಇತ್ತು.

“ಮಕ್ಕಳ ಸಿನಿಮಾ ಓಡಲ್ಲ ಮೇಡಂ,” ಎಂದ ಡೈರೆಕ್ಟರ್. “ಭಾಷೆನೂ ಸ್ವಲ್ಪ ಸರಿ ಮಾಡಿದೀವಿ.”

“ಏನು ತಪ್ಪಿತ್ತರಿ ಅದರಾಗ?” ಎಂದಳು ಮೇಧಾ.

“ತಪ್ಪಲ್ಲ. ಎಲ್ಲರಿಗೂ ಅರ್ಥ ಆಗ್ಬೇಕಲ್ವಾ?”

“ಕೋಣಪ್ಪ ಎಲ್ಲಿ ಬರ್ತಾನ್ರಿ?” ಎಂದ ಸಿದ್ದು.

“ಕೋಣ ತೆಗೆದಿದೀವಿ. ನಾಯಿಮರಿ ಹಾಕಿದೀವಿ. ಜನಕ್ಕೆ ನಾಯಿ ಇಷ್ಟ.”

ಊರಿನ ಗಾಳೆಪ್ಪ ತನ್ನ ಕೋಣದ ಹಗ್ಗ ಹಿಡಿದು ಬಿಸಿಲಲ್ಲಿ ನಿಂತಿದ್ದ. “ಹಂಗಾರ ನಮ್ಮದನ್ನ ಮನಿಗಿ ಹೊಡಕೊಂಡ ಹೋಗ್ಲೇನ್ರಿ? ಮುಂಜಾನೆದ್ದು ಮೈ ತೊಳದು ನಿಲ್ಲಿಸೇನಿ. ಕೋಡಿಗಿ ಎಣ್ಣಿ ಬ್ಯಾರೆ ಹಚ್ಚೇನಿ.”

ಮೇಧಾ ಕೆಂಪು ಪೆನ್ನು ತೆಗೆದು ಚಿತ್ರಕತೆಯ ಮೊದಲ ಪುಟಕ್ಕೆ ಕಾಟು ಹಾಕಿದಳು. ಎರಡನೆಯದಕ್ಕೆ. ಮೂರನೆಯದಕ್ಕೆ. ಡೈರೆಕ್ಟರ್ ಯಾಕೆ ಎಂದು ಕೇಳಿದ. ಸಿದ್ದು ಕೇಳಲಿಲ್ಲ. ನಾವು ಈ ಸಿನಿಮಾ ಬಿಟ್ಟಿದ್ದೇವೆ ಎಂದು ಒಂದು ಪುಟದ ಹಿಂದೆ ಬರೆದ. ಇಬ್ಬರೂ ಸಹಿ ಹಾಕಿದರು.

“ಹೊರಗೆ ಹೋದ್ರೆ ಇನ್ನು ಕಾರ್ಟೂನೂ ಮಾಡೋ ಹಾಗಿಲ್ಲ,” ಎಂದ ಮ್ಯಾನೇಜರ್. “ಪಾತ್ರಗಳು ನಮ್ಮವು. ಗೊತ್ತು ತಾನೇ?”

ಆಗ ಗೊತ್ತಾಯಿತು.

ಮುಂಡರಗಿಯಿಂದ ಗದಗಿನ ಬಸ್ಸಿನಲ್ಲಿ ಅವಳ ಭುಜ ಅವನ ಭುಜಕ್ಕೆ ತಾಗಿತ್ತು. ಇಬ್ಬರೂ ಸರಿಯಲಿಲ್ಲ. ಕಿಟಕಿಯಾಚೆ ಹತ್ತಿ ಹೊಲಗಳು ಮುಗಿದು ಮತ್ತೆ ಹತ್ತಿ ಹೊಲಗಳು ಬಂದವು.

“ನಾಳೆಯಿಂದ ಏನು ಮಾಡೋದು?” ಎಂದಳು.

“ಕ್ವಾಣಿ ಖಾಲಿ ಮಾಡೂದು.”

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವನು ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡುತ್ತಿದ್ದ.

ಕೋಣೆ ಖಾಲಿ ಮಾಡಲು ಹದಿನೈದು ದಿನ ಹಿಡಿಯಿತು. ಎರಡೇ ದಿನದ ಕೆಲಸ ಅದು. ದಿನಾ ಬಂದು ಒಂದೊಂದು ಸಾಮಾನು ಕಟ್ಟಿ, ಚಹಾ ಕುಡಿದು ಹೋಗುತ್ತಿದ್ದರು.

ಕೊನೆಯ ದಿನ ಅವಳು, “ಪುಣೆಯೊಳಗ ಡಬ್ಬಿಂಗ್ ಕೆಲಸ ಅದ. ಅಲ್ಲಿ ನಮ್ಮ ಜಾನಕೀಬಾಯಿ ಮಾವಶಿ ತನ್ನ ಮನಿಯೊಳಗ ಇರ್ಲಿಕ್ಕೆ ಬಾ ಅಂತಾಳ,” ಎಂದಳು.

“ಚಲೋ ಆತು ಬಿಡು.”

ಆಮೇಲೆ ಅವನು ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟ. ನಲವತ್ತೆರಡನೆಯ ಕಂತು. ಮಾಡಲಾಗದ ಕಂತು. ಅದರಲ್ಲಿ ಒಂದೇ ದೃಶ್ಯ. ಚೆನ್ನಿ ಊರು ಬಿಟ್ಟು ಹೊರಟಿದ್ದಾಳೆ. ಕೋಣಪ್ಪ ದಾರಿಗೆ ಅಡ್ಡ ನಿಂತು ಹೇಳುತ್ತಾನೆ: “ನೀ ಹೋಗಬ್ಯಾಡ. ನೀ ಇಲ್ಲಂದ್ರ ನನಗ ಮಾತು ಬರಂಗಿಲ್ಲ.”

ಮೇಧಾ ಎರಡು ಸಲ ಓದಿದಳು. ಕಟ್ಟಿದ ಡಬ್ಬಿ ಬಿಚ್ಚಿ ಕೆಂಪು ಪೆನ್ನು ಹುಡುಕಿದಳು. ಮೂಲೆಯಿಂದ ಮೂಲೆಗೆ, ನಿಧಾನವಾಗಿ ಕಾಟು ಹಾಕಿದಳು. ಹಾಳೆಯನ್ನು ಅವನ ಮುಂದೆ ಹಿಡಿದು ನಿಂತಳು.

ಅಷ್ಟರಲ್ಲಿ ಕರೆಂಟ್ ಹೋಯಿತು. ಎಂಟೂ ಮಗ್ಗ ಒಮ್ಮೆಲೇ ನಿಂತವು.

“ಏ ಸಿದ್ದಣ್ಣಾ, ಮೇಧಕ್ಕಾ!” ಕೆಳಗಿನಿಂದ ಕರೀಮಸಾಬರು ಎಂದಿನಂತೆ ಕೂಗಿದರು. “ಲೈಟ್ ಹೋತ ನೋಡ್ರಿ. ಬರೂದ್ರಾಗ ಜಲ್ದಿ ಮಾತಾಡಿ ಮುಗಸ್ರೆಪಾ!”

ಕೋಣೆಯಲ್ಲಿ ಸದ್ದೇ ಇರಲಿಲ್ಲ. ರೆಕಾರ್ಡಿಂಗಿಗೆ ಅಷ್ಟು ಒಳ್ಳೆಯ ಮೌನ ಐದು ವರ್ಷದಲ್ಲಿ ನಾಲ್ಕೈದು ಸಲ ಸಿಕ್ಕಿರಬಹುದು.

“ಏನರೆ ಕೇಳೋದದ ಏನು?” ಎಂದಳು.

“ಇಲ್ಲ.”

ಅವನು ಹಾಳೆಯನ್ನು ಮಡಿಚಿ ಜೇಬಿಗಿಟ್ಟು ಕೌದಿ ಸುತ್ತಲು ಕುಳಿತ. ಅವಳು ಕಿಟಕಿಯ ಬಳಿ ನಿಂತಳು. ಹನ್ನೊಂದು ನಿಮಿಷಕ್ಕೆ ಕರೆಂಟ್ ಬಂತು, ಮಗ್ಗ ಶುರುವಾದವು. ಅವಳು ಚಪ್ಪಲಿ ಮೆಟ್ಟಿದಳು.

ಮರುವರ್ಷ ಸಿನಿಮಾ ಗದಗಿಗೆ ಬಂತು. ಮ್ಯಾಟಿನಿಗೆ ಹದಿನಾಲ್ಕು ಜನ ಇದ್ದರು. ಹಿಂದಿನ ಸಾಲಿನಲ್ಲಿ ಮೇಧಾ ಒಬ್ಬಳೇ ಕುಳಿತಿದ್ದಳು. ಸಿದ್ದು ಒಂದು ಕುರ್ಚಿ ಬಿಟ್ಟು ಕುಳಿತ. ಪರದೆಯ ಮೇಲೆ ಚೆನ್ನಿ ನಾಯಿಮರಿಯನ್ನು ‘ಪಪ್ಪಿ’ ಎಂದು ಕರೆದಳು. ಕೆಳತುಟಿ ಎಲ್ಲಿಯೂ ಜಾರಲಿಲ್ಲ.

“ಯಾವಾಗ ಬಂದಿ?” ಎಂದ.

“ಮೊನ್ನೆ. ನನ್ನ ಲಗ್ನದ ಸೀರಿ ತಗೊಳ್ಳಿಕ್ಕೆ.” ಪರ್ಸಿನಿಂದ ಕಾರ್ಡ್ ತೆಗೆದು ನಡುವಿನ ಕುರ್ಚಿಯ ಮೇಲಿಟ್ಟಳು. “ಕರೀಮಸಾಬರ ಕಡೆನೇ ತಗೊಂಡೆ. ನಮ್ಮ ಕ್ವಾಣಿಯೊಳಗ ಈಗ ನೂಲು ತುಂಬ್ಯಾರ.”

ಇಂಟರ್‌ವಲ್ ಆಗಿ ದೀಪ ಹತ್ತಿತು. ಅವನು ಮೊದಲ ಸಲ ಅವಳ ಕಣ್ಣನ್ನೇ ನೋಡಿ ಕೇಳಿದ.

“ಆ ದಿವಸ ಕಾಟು ಯಾಕ ಹಾಕಿದಿ?”

ಅವಳಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ.

“ಅದು ಕೋಣಪ್ಪನ ಮಾತಲ್ಲ. ಅಂವ ಅಷ್ಟು ಮಾತಾಡೋದಿಲ್ಲ. ಅದು ನಿಂದು. ನೀನೇ ನಿನ್ನ ಬಾಯಿಲೆ ಹೇಳ್ತಿ ಅಂತ ನಿಂತಿದ್ದೆ.”

“ಕಾರಣ ಕೇಳಬಾರದು ಅಂತ ನಿಯಮ ಇತ್ತಲ್ಲ.”

“ಅದು ಕೆಲಸಕ್ಕಿತ್ತೋ ಸಿದ್ದು. ಕೆಲಸ ಬಿಟ್ಟು ಆಗಲೇ ಹದಿನೈದು ದಿನ ಆಗಿತ್ತು.”

ಅವನು ಕಾರ್ಡ್ ಎತ್ತಿಕೊಂಡ. ಗಂಟೆ ಹೊಡೆಯಿತು. ಉಳಿದರ್ಧ ಸಿನಿಮಾವನ್ನೂ ಇಬ್ಬರೂ ಕುಳಿತು ನೋಡಿದರು. ಮುಗಿದಾಗ ಅವಳು ಮಲ್ಲಸಮುದ್ರದ ಕಡೆಯ ಆಟೊ ಹತ್ತಿದಳು. ಅವನು ಕಳಕೊಂಡದ್ದನ್ನು ಒಂದೊಂದಾಗಿ ಎಣಿಸುತ್ತ ಬೆಟಗೇರಿಯ ದಾರಿ ಹಿಡಿದ.

ನಲವತ್ತೊಂದು ಕಂತು. ಒಂದು ಕೋಣ. ಹತ್ತು ವರ್ಷದ ಒಬ್ಬ ಹುಡುಗಿ. ಒಂದು ಕೋಣೆ. ಹನ್ನೊಂದು ನಿಮಿಷ. ಮೇಧಾ, ಒಬ್ಬಳು.